ಬೆನ್ನಿನ ಕಡೆಯ ದಾರಿ

ಮೂವತ್ತು ವರ್ಷ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಒಬ್ಬ ತೆಗೆದ ಅಳತೆಯನ್ನು ಇನ್ನೊಬ್ಬನಿಗೆ ತೋರಿಸದೆ ಮತ್ತೆ ಅಳೆಸುವುದು ನಮ್ಮ ಪದ್ಧತಿ. ಎಡ ಕಿಡ್ನಿಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗಲೂ ಅದನ್ನೇ ಮಾಡಿದೆ. ನನ್ನ ಬಲ ಕಿಡ್ನಿ ಹುಟ್ಟಿನಿಂದಲೇ ಸುರುಟಿಕೊಂಡಿದ್ದು, ಕೆಲಸಕ್ಕೆ ಬಾರದ್ದು. ಎಡದ್ದನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯಬೇಕು. ಅದೂ ಹೋದರೆ ಸಾಯುವವರೆಗೆ ಡಯಾಲಿಸಿಸ್.

ಇಂದಿರಾನಗರದ ಡಾಕ್ಟರಮ್ಮ ನನ್ನ ಹಳೆಯ ಕಾಗದಗಳನ್ನೆಲ್ಲ ಓದಿ, ರೋಬೋಟ್ ಆಪರೇಷನ್ ಮಾಡೋಣ, ಬೆನ್ನಿನ ಕಡೆಯಿಂದ ಹೋಗುತ್ತೇನೆ ಎಂದರು. ಜಾಗ ಇಕ್ಕಟ್ಟು, ಆದರೆ ಕರುಳನ್ನು ಮುಟ್ಟದೆ ನೇರವಾಗಿ ಕಿಡ್ನಿಗೆ ತಲುಪಬಹುದು. ಸರಿ, ಇದು ಮೊದಲ ಅಳತೆ. ಎರಡನೆಯದಕ್ಕೆ ಸ್ಕ್ಯಾನಿನ ಸಿ.ಡಿ.ಯನ್ನಷ್ಟೇ ಹಿಡಿದು ಮಹದೇವಪುರದ ಇನ್ನೊಂದು ಆಸ್ಪತ್ರೆಗೆ ಹೊರಟೆ.

"ಹಳೇ ಕಾಗದದ ಫೈಲ್ ತಗೊಂಡ್ ಹೋಗ್ರೀ," ಎಂದಳು ಹೆಂಡತಿ.

"ಇನ್‌ಸ್ಪೆಕ್ಷನ್ ಅಂದ್ರೆ ಏನು ಗೊತ್ತು ನಿಂಗೆ? ಸುಮ್ನಿರು!"

ಅಲ್ಲಿಯ ಡಾಕ್ಟರು, ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳಿದರು. "ಕಿಡ್ನಿಗೆ ಏನೂ ಆಗಿಲ್ಲ ಡಾಕ್ಟ್ರೇ," ಎಂದೆ. ಅವರು ಸ್ಕ್ಯಾನ್ ನೋಡಿ ಹೊಟ್ಟೆಯ ಕಡೆಯಿಂದಲೇ ವಾಸಿ ಎಂದರು. ಕೈಯಾಡಿಸಲು ಧಾರಾಳ ಜಾಗ. ಕಿಡ್ನಿಗೆ ಹೋಗುವ ರಕ್ತ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಹೊಲಿಗೆ ಮುಗಿಸಬಹುದು. ನನಗೆ ಹಿಡಿಸಿತು. ಇಕ್ಕಟ್ಟಿನಲ್ಲಿ ಸ್ಪ್ಯಾನರ್ ತಿರುಗಿಸುವ ಪಾಡು ನನಗೆ ಗೊತ್ತಿಲ್ಲವೇ! ಕಗ್ಗದಾಸಪುರದ ಮನೆಗೆ ಬಂದು, ಕಾಫಿ ಆರಿಹೋಗುವವರೆಗೂ ಹೆಂಡತಿಗೆ ಎರಡು ದಾರಿಗಳ ಪಾಠ ಮಾಡಿದೆ.

ಮಹದೇವಪುರದಲ್ಲಿ ಅಡ್ಮಿಟ್ ಆಗುವ ಮೊದಲಿನ ತಪಾಸಣೆಗೆ ಇಬ್ಬರೂ ಹೋದೆವು. ಡಾಕ್ಟರು ನನ್ನನ್ನು ಮಲಗಿಸಿ ಅಂಗಿ ಎತ್ತಿದರು. ಹೊಟ್ಟೆಯ ನಡುವೆ ಉದ್ದಕ್ಕೂ ಹಳೆಯ ಕೊಯ್ತದ ಗೆರೆ.

"ಇದೇನ್ ಸರ್ ಇದು?"

"ಹಿಂದೆ ಕರುಳು ತೂತಾಗಿತ್ತು. ಎರಡು ಸಲ ಕೊಯ್ದಿದ್ರು."

"ಯಾಕ್ರೀ ಹೇಳ್ಲಿಲ್ಲ? ಒಳಗೆ ಕರುಳು ಅಂಟ್ಕೊಂಡಿರುತ್ತೆ. ಬಿಡಿಸೋಕೆ ಹೋದ್ರೆ ಮತ್ತೆ ತೂತಾಗ್ಬಹುದು!"

ಹೆಂಡತಿ ಕೈಚೀಲದಿಂದ ಫೈಲ್ ತೆಗೆದು ಮೇಜಿನ ಮೇಲಿಟ್ಟಳು. "ಎಲ್ಲಾ ಇದ್ರಲ್ಲಿದೆ ಸರ್. ಇವ್ರು ಬೇಕಂತಾನೇ ತೋರಿಸ್ಲಿಲ್ಲ."

ಮಾನ ಹೋಯಿತು. ಅದಕ್ಕಿಂತ ಹೆಚ್ಚಾಗಿ ಜೀವ ಹಾರಿಹೋದಂತಾಯಿತು. ಹಿಂದಿನ ಅಳತೆಯನ್ನು ಬಚ್ಚಿಡಬಹುದು, ಹಿಂದಿನ ರಿಪೇರಿ ಚೀಟಿಯನ್ನು ಬಚ್ಚಿಡಬಾರದು; ಕಾರ್ಖಾನೆಗೆ ಬಂದ ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನೇ ನಾನು. ಡಾಕ್ಟರು ಫೈಲಿನಲ್ಲಿದ್ದ ಡಾಕ್ಟರಮ್ಮನ ಸಲಹೆ ಓದಿ, ನನ್ನೆದುರೇ ಇಂದಿರಾನಗರಕ್ಕೆ ಫೋನ್ ಮಾಡಿದರು. "ಮೇಡಂ, ನೀವು ಹೇಳಿದ್ದೇ ಸರಿ. ಇವ್ರಿಗೆ ಬೆನ್ನಿನ ಕಡೆಯಿಂದಲೇ ಆಗ್ಬೇಕು. ಅದ್ರಲ್ಲಿ ನಿಮ್ಮ ಕೈ ಪಳಗಿದೆ, ನಿಮ್ಮ ಹತ್ರಾನೇ ಕಳಿಸ್ತೀನಿ."

ಡಾಕ್ಟರಮ್ಮ ನನ್ನನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿನ ಕಡೆಯಿಂದ ಹೋಗಿ, ಗಡ್ಡೆಯನ್ನಷ್ಟೇ ತೆಗೆದರು. ಎರಡನೆಯ ದಿನ ಮೂತ್ರದ ಪೈಪ್ ಬಿಚ್ಚಿದರು. ಇನ್ನು ಮೂತ್ರ ತಾನಾಗಿಯೇ ಬರಬೇಕು. ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ಹೋದೆ. ಬಾಗಿಲಾಚೆ ಹೆಂಡತಿ ನಿಂತಿದ್ದಳು. ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಕೂಗಿದೆ: "ಬಂತು ಕಣೇ!"

ಬಾಗಿಲು ತೆಗೆದರೆ, ಆ ಫೈಲನ್ನು ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.