ಗೋಡೆಗೆ ಒರಗಿದ ತಲೆ

ನೆಲದ ಮೇಲೆ ಕೂರುವ ರೂಢಿ ಇನ್ನೂ ಉಳಿದಿರುವ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ಕೂತವರ ತಲೆಯ ಎತ್ತರಕ್ಕೆ ಸರಿಯಾಗಿ ಗೋಡೆಯಲ್ಲೊಂದು ಎಣ್ಣೆಗಲೆ ಇರುತ್ತದೆ. ಫೋಟೋಗಳಿಗಿಂತ ಪ್ರಾಮಾಣಿಕವಾದ ಭಾವಚಿತ್ರ ಅದು. ನನ್ನ ಶಿರಸ್ಸು ಕೇಶದ ಹಂಗು ತೊರೆದು ವೈರಾಗ್ಯಕ್ಕೆ ಸಂದು ಬಹುಕಾಲವಾದ್ದರಿಂದ, ಯಾವ ಗೋಡೆಯೂ ನನ್ನನ್ನು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಿಲ್ಲ.

ಚನ್ನಗಿರಿಯಲ್ಲಿ ನಾವು ಕೊಂಡ ಹಳೆಯ ಮನೆಯ ನಡುಕೋಣೆಯಲ್ಲೂ ಅಂಥದೊಂದು ಕಲೆ ಕಾಣಿಸಿಕೊಂಡಿತು. ಅದೂ ಗೋಡೆಗೆ ಅಂಟಿಸಿದ್ದ ಹೂಬಳ್ಳಿಯ ವಾಲ್‌ಪೇಪರಿನ ಮೇಲೆ. ರೂಪಾಯಿಯಷ್ಟಿದ್ದದ್ದು ಮಳೆಗಾಲ ಕಳೆಯುವಷ್ಟರಲ್ಲಿ ತಲೆಯಷ್ಟಾಯಿತು. ಅಲ್ಲಿ ನಾವಿಬ್ಬರೂ ಒಂದು ದಿನವೂ ಒರಗಿದವರಲ್ಲ. ಆಯುಷ್ಯವಿಡೀ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿದ ನಾನು ತೇವವೆಂದು ತೀರ್ಪು ಕೊಟ್ಟೆ. ನನ್ನ ಹೆಂಡತಿ ಗಿರಿಜೆ ಮೂಗನ್ನು ಹತ್ತಿರ ಒಯ್ದು, "ತೇವಕ್ಕೆ ಹರಳೆಣ್ಣಿ ವಾಸನೆ ಇರ್ತೈತೇನ್ರೀ?" ಎಂದಳು. ನನ್ನ ತರ್ಕಕ್ಕೆ ಅಲ್ಲಿಗೇ ಮಂಗಳ ಹಾಡಿದಂತಾಯಿತು.

ಅವಳ ಭಯಕ್ಕೆ ಕಾರಣವಿತ್ತು. ಮಗಳು ಸುಮಾ ಹೆರಿಗೆಗೆ ಬರುವವಳಿದ್ದಳು. ಹಿಂದೊಮ್ಮೆ ಬಸಿರು ನಿಲ್ಲದೆ ಹೋದಾಗ ನಾವೆಲ್ಲ ಅತ್ತಿದ್ದೆವು. ಈಗ ಬಾಣಂತನಕ್ಕೆ ಇದ್ದದ್ದು ಅದೊಂದೇ ಕೋಣೆ. "ಆ ತಲೆ ಹೋಗೋ ತನಕ ನನ್ನ ಮಗಳನ್ನ ಈ ಮನಿಗೆ ಕರ್ಕೊಂಡ್ ಬರಾಕಿಲ್ಲ" ಎಂದು ಗಿರಿಜೆ ಹಟ ಹಿಡಿದಳು.

ನಲ್ಲೂರಿನಿಂದ ವಾಲ್‌ಪೇಪರ್ ಅಂಟಿಸುವ ರಿಯಾಜ್ ಬಂದ. ಹಳೆಯದರ ಮೇಲೇ ಹೊಸದನ್ನು ಅಂಟಿಸಿಬಿಡಪ್ಪ ಎಂಬ ನನ್ನ ಸೋಮಾರಿ ಸಲಹೆಯನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿನೀರಲ್ಲಿ ನೆನೆಸಿ, ತಗಡಿನಿಂದ ಮೆಲ್ಲಗೆ ಎಬ್ಬಿಸಿದ ಕಾಗದದಡಿ ನೀಲಿ ಗೆರೆಯ ಇನ್ನೊಂದು ಕಾಗದವಿತ್ತು. ಅದರಲ್ಲೂ ಅದೇ ಕಲೆ, ಇನ್ನಷ್ಟು ಗಾಢವಾಗಿ. ಹಿಂದಿನವರೂ ಅದನ್ನು ಮುಚ್ಚಲು ಹೆಣಗಿದ್ದರೆಂದು ಹೊಳೆದಾಗ, ಸುಳ್ಳೇಕೆ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕೊನೆಗೆ ಬರಿಗೋಡೆ: ಕಪ್ಪಗೆ, ದುಂಡಗೆ, ತುರುಬಿನ ಗುರುತು ಸಮೇತ ಒಂದು ತಲೆ. ಮಟಮಟ ಮಧ್ಯಾಹ್ನದಲ್ಲೇ ಗಿರಿಜೆ ಲೈಟು ಹಾಕಿದಳು.

ರಿಯಾಜ್ ಹಳೆಯ ಅಂಟನ್ನು ತೊಳೆದ, ಕಲೆಯನ್ನು ಸೋಡಾನೀರಲ್ಲಿ ಉಜ್ಜಿದ, ಕೆರೆದ, ಪುಟ್ಟಿ ಮೆತ್ತಿ ಉಪ್ಪುಕಾಗದ ತಿಕ್ಕಿದ, ಮೇಲೆ ಪ್ರೈಮರ್ ಬಳಿದ. ಅದು ಒಣಗಿದ ಮೇಲೆ ಹೊಸ ಕಾಗದ ಅಂಟಿಸಿ, "ಇನ್ನ ಯಾವ ಶೈತಾನಾನೂ ಹೊರಗೆ ಬರಾಕಾಗಲ್ಲ ಸಾರ್, ಗ್ಯಾರಂಟಿ" ಎಂದ. ಆ ಮಾತಿನಲ್ಲಿ ಗ್ಯಾರಂಟಿಗಿಂತ ಅವಸರವೇ ಹೆಚ್ಚಿತ್ತು. ಚಹಾ ಕೂಡ ಕುಡಿಯದೆ ಹೊರಟುಬಿಟ್ಟ.

ಸುಮಾ ಬಂದಳು, ದೇವರ ದಯೆಯಿಂದ ಹೆಣ್ಣುಕೂಸೂ ಬಂತು. ತೊಲೆಯಲ್ಲಿದ್ದ ಹಳೆಯ ಕೊಂಡಿಗೇ ತೊಟ್ಟಿಲು ಕಟ್ಟಿದೆವು. ಕೂಸನ್ನು ನೋಡಲು ಬಂದ ಎದುರುಮನೆಯ ಬಸಮ್ಮಜ್ಜಿ ಮೇಲೆ ನೋಡಿ, ಗೋಡೆ ನೋಡಿ, "ಈ ಮನಿ ಮುತ್ತಜ್ಜಿ ಇಲ್ಲೇ ಒರಗ್ಕಂಡು ಇದೇ ಕೊಂಡಿ ತೊಟ್ಲು ತೂಗ್ತಿದ್ಲು ಕಣಪ್ಪ. ಬೀದಿ ಕೂಸುಗಳೆಲ್ಲಾ ಆಕಿ ಕೈಯಾಗೇ ಮಲಗಿದ್ದು. ತೀರ್ಕಂಡು ಎಷ್ಟೋ ಕಾಲ ಆತು" ಎಂದಳು.

ಊಟದ ನಂತರ ನಾನು ಜಗಲಿಯಲ್ಲಿ ತೂಕಡಿಸುವಾಗ ಕೋಣೆಯಿಂದ ಕೊಂಡಿಯ ಕಿರ್ ಕಿರ್ ಸದ್ದು ಲಯ ತಪ್ಪದೆ ಕೇಳುತ್ತಿತ್ತು. ಕೂಸಿನ ಅಳು ಥಟ್ಟನೆ ನಿಲ್ಲುತ್ತಿತ್ತು. ಗಿರಿಜೆಯ ಕೈಗುಣವೆಂದು ಹಿಗ್ಗುತ್ತಿದ್ದೆ. ಒಂದು ದಿನ ನೋಡಿದರೆ ಹೊಸ ಕಾಗದದ ಮೇಲೆ, ಅದೇ ಎತ್ತರದಲ್ಲಿ, ರೂಪಾಯಿಯಷ್ಟು ಕಲೆ! ಈ ಸಲದ್ದು ಹೊಸದಾಗಿ ಅಜ್ಜಿಯಾದ ಗಿರಿಜೆಯ ತಲೆಯೆಣ್ಣೆಯೇ ಎಂದು ನನ್ನ ತರ್ಕಕ್ಕೆ ಮರುಜೀವ ಬಂತು. ತೂಗುವಾಗ ಗೋಡೆಗೊಂದು ಟವೆಲ್ಲಾದರೂ ಹಾಕಿಕೊಳ್ಳಬಾರದೇ ಎಂದು ಗದರಿದೆ.

ಸೊಪ್ಪು ಬಿಡಿಸುತ್ತಿದ್ದ ಗಿರಿಜೆಯ ಕೈ ನಿಂತಿತು. "ನಾನ್ಯಾವಾಗ ಅಲ್ಲಿ ಕೂತೀನ್ರೀ? ಊಟ ಆದ್ಮೇಲೆ ಸುಮಾ ಮಲಗಿರ್ತಾಳೆ, ನಾನು ಹಿತ್ತಲಾಗೆ ಕೂಸಿನ ಬಟ್ಟೆ ಒಗಿತಿರ್ತೀನಿ."

ನಾನು ರಿಯಾಜನಿಗೆ ಕರೆ ಮಾಡಲು ಫೋನು ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಕೂಸು ಚೆಂದಾಗಿ ಮಲಗ್ತೈತಲ್ಲ. ಇರ್ಲಿ ಬಿಡ್ರೀ."

ಗೋಡೆಯನ್ನು ಅಣಿಗೊಳಿಸುವುದೆಂದರೆ ಹಳೆಯದನ್ನು ಅಳಿಸುವುದೆಂದು ತಿಳಿದಿದ್ದೆ. ನಮ್ಮ ಕೂಸಿಗಾಗಿ ಆ ಗೋಡೆ ಮೊದಲೇ ಅಣಿಯಾಗಿತ್ತೇನೋ. ಕಲೆ ಈಗ ಅಂಗೈಯಗಲವಾಗಿದೆ. ಭಯವಿಲ್ಲವೆಂದರೆ ಸುಳ್ಳಾದೀತು. ಆದರೂ ಮೊಮ್ಮಗಳನ್ನು ನೋಡಲು ಹೋದಾಗಲೆಲ್ಲ, ಅಲ್ಲಿ ಚಾಚಿದ ಕಾಲುಗಳನ್ನು ತುಳಿಯಬಾರದೆಂದು, ಸ್ವಲ್ಪ ಸುತ್ತಿಕೊಂಡೇ ತೊಟ್ಟಿಲ ಬಳಿ ನಡೆಯುತ್ತೇನೆ.