ಒಂದು ರಿಂಗ್, ಆಮೇಲೆ ಇನ್ನೊಂದು

ಕೀಂ... ಕರ್‌ರ್... ಎಂದು ಮೋಡೆಮ್ ಕಿರುಚುತ್ತಿದ್ದ ಸದ್ದು ನಿಮಗೆ ನೆನಪಿದೆಯೇ? ಇವತ್ತು ನಮ್ಮ ಮಿಕ್ಸಿ ಬೇರಿಂಗ್ ಸವೆದು ಹಾಗೇ ಕೂಗಿತು. ಚಟ್ನಿ ಅರ್ಧಕ್ಕೇ ಬಿಟ್ಟು ಕೂತೆ.

ಶಾರದಾ ನಮ್ಮ ಕಾನ್ವೆಂಟಿನಲ್ಲಿ ಗಣಿತ ಕಲಿಸುತ್ತಿದ್ದಳು, ನಾನು ಇಂಗ್ಲಿಷ್. ಅವಳ ಗಂಡ ವಸಂತರಾವ್ ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯಲ್ಲಿ ಕೆಮಿಸ್ಟ್. ಹುಚ್ಚು ಮಾತ್ರ ಕಂಪ್ಯೂಟರ್ ಬುಲೆಟಿನ್ ಬೋರ್ಡಿನದು. ಮೆಹದಿಪಟ್ಟಣಂ ಮನೆಯ ಒಂದೇ ಫೋನಿಗೆ ಮೋಡೆಮ್ ಹಾಕಿ ಕಂಪ್ಯೂಟರ್ ಕಟ್ಟಿದ್ದರು. ನಾವೊಂದಿಷ್ಟು ಮಂದಿ ನಮ್ಮ ನಮ್ಮ ಕಂಪ್ಯೂಟರಿನಿಂದ ಒಬ್ಬೊಬ್ಬರಾಗಿ ಡಯಲ್ ಮಾಡಿ ಪತ್ರ, ಜಗಳ, ಎಣ್ಣೆಗಾಯಿ ರೆಸಿಪಿ ಬಿಟ್ಟುಬರುತ್ತಿದ್ದೆವು. ಅಲ್ಲಿ ಎಲ್ಲರ ಸ್ಪೆಲಿಂಗ್ ತಿದ್ದುವ ಪೀಡೆ ನಾನು.

ಟೆಲಿಫೋನ್ ಇಲಾಖೆ ಮೂರು ನಿಮಿಷಕ್ಕೊಂದು ಕಾಲ್ ಎಂದು ಎಣಿಸುತ್ತಿತ್ತು. ಯಾರೂ ಎತ್ತದ ಕರೆ ಮಾತ್ರ ಫ್ರೀ. ಅದನ್ನೇ ಹಿಡಿದು ವಸಂತರಾವ್ ನಿಯಮ ಮಾಡಿದ್ದರು: ಒಂದು ರಿಂಗ್ ಕೊಟ್ಟು ಇಟ್ಟು, ತಕ್ಷಣ ಮತ್ತೆ ಮಾಡಿದರೆ ಮೋಡೆಮ್ ಎತ್ತುತ್ತದೆ. ಮನುಷ್ಯರು ಬೇಕಿದ್ದರೆ ರಿಂಗ್ ಆಗುತ್ತಲೇ ಇರಲಿ. ನನಗದು ಸಿಸ್ಟರ್ಸ್ ಕಲಿಸಿದ ಪ್ರೇಯರ್‌ನಂತೆ ಕೈಗೆ ಹತ್ತಿತ್ತು. "ಅಕ್ಕಾರ, ನಿಮ್ಮ ಬೆರಳು ನನಗ ಸವತಿ ಆಗ್ಯಾವ ನೋಡ್ರಿ," ಎಂದು ಶಾರದಾ ಛೇಡಿಸುತ್ತಿದ್ದಳು.

ಅವಳ ಹಾರ್ಟ್ ಆಪರೇಷನ್ ಸಂಜೆಗೆ ಎಂದಿದ್ದರು. ಆಸ್ಪತ್ರೆಯಲ್ಲಿ ನನ್ನನ್ನು ಕೂರಿಸಿ ವಸಂತರಾವ್ ಸ್ನಾನಕ್ಕೆ ಮನೆಗೆ ಹೋದ ಹೊತ್ತಿಗೇ ನರ್ಸ್ ಬಂದು, ಈಗಲೇ ಎಂದಳು. ಶಾರದಾ ನನ್ನ ಕೈ ಹಿಡಿದಳು. "ಅವರ ಮಾರಿ ಒಮ್ಮೆ ನೋಡಿ ಒಳಗ ಹೋಗ್ತೀನ್ರಿ. ಫೋನ್ ಹಚ್ಚ್ರಿ."

ಕಾರಿಡಾರಿನಲ್ಲಿ ಕೆಂಪು ಕಾಯಿನ್ ಫೋನ್. ಪರ್ಸಿನಲ್ಲಿ ಒಂದೇ ಒಂದು ರೂಪಾಯಿ ನಾಣ್ಯ. ಒಂದು ರಿಂಗ್ ಆಯಿತು. ಇಟ್ಟೆ. ನಾಣ್ಯ ಮರಳಿತು. ಮತ್ತೆ ಮಾಡಿದೆ. ಕಿರುಚಾಟ ಕಿವಿಗೆ ಬಡಿದ ಮೇಲೇ ನಾನು ಮಾಡಿದ್ದೇನೆಂದು ತಿಳಿದದ್ದು. ನಾಣ್ಯ ಡಬ್ಬಿಯೊಳಗೆ ಬಿದ್ದಿತ್ತು.

ಗೇಟಿನ ಬಾಳೆಹಣ್ಣಿನವನು ಹತ್ತರ ನೋಟು ನೋಡಿ, ಚಿಲ್ಲರೆ ಇಲ್ಲವೆಂದು, "ಛುಟ್ಟಾ ನಹೀ ಅಮ್ಮಾ" ಅಂದ. ನೋಟು ಅವನ ತಕ್ಕಡಿಯಲ್ಲಿಟ್ಟು, ಒಂದೇ ರೂಪಾಯಿ ಇಸಿದುಕೊಂಡು ಓಡಿದೆ. ಈ ಸಲ ರಿಂಗ್ ಆಗುತ್ತಲೇ ಇತ್ತು. ಅದು ಮತ್ತೆ ಚಾಳಿಯಂತೆ ಇಟ್ಟುಬಿಡದಿರಲೆಂದು ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದೆ. "ಈಗಷ್ಟ ಯಾವನೋ ಬೋರ್ಡಿಗೆ ಬಂದು ಹಂಗ ಇಟ್ಟುಬಿಟ್ಟ ನೋಡ್ರಿ," ಎಂದೇ ವಸಂತರಾವ್ ಮಾತು ಶುರುಮಾಡಿದರು. "ಲಗೂ ಬರ್ರಿ," ಅಂದೆ. ಫೋನ್ ಇಟ್ಟು ಓಡಿದೆ.

ಶಾರದಾ ಆ ಥಿಯೇಟರಿನಿಂದ ಮರಳಲಿಲ್ಲ. ವಸಂತರಾವ್ ಬಂದಾಗ ಬಾಗಿಲು ಮುಚ್ಚಿತ್ತು. ಈಗ ನನ್ನದು ಅನ್‌ಲಿಮಿಟೆಡ್ ಪ್ಲಾನ್; ಆ "ಯಾವನೋ" ನಾನೇ ಎಂದು ಹೇಳಲು ಇಷ್ಟು ವರ್ಷ ಒಂದು ನಿಮಿಷ ಸಿಕ್ಕಿರಲಿಲ್ಲ. ಇವತ್ತು ಮಿಕ್ಸಿ ಆರಿಸಿ ಅವರ ನಂಬರ್ ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಇಡುವುದಿಲ್ಲ.

ಅಂದು ನಾನು ಓಡಿ ಬಂದಾಗ ಸ್ಟ್ರೆಚರ್ ಥಿಯೇಟರ್ ಬಾಗಿಲಲ್ಲಿತ್ತು.

"ಎತ್ತಿದ್ರೇನ್ರಿ?"

"ಬರಾಕತ್ತಾರ."

ಶಾರದಾ ತಲೆಯೆತ್ತಿ ನನ್ನ ಭುಜದಾಚೆ ಕಾರಿಡಾರ್ ನೋಡಿದಳು. ಬಾಗಿಲು ಮುಚ್ಚುವವರೆಗೂ ಅಲ್ಲೇ ನೋಡುತ್ತಿದ್ದಳು.