ಎರಡು ಬೆರಳು ಬಟ್ಟೆ

ಟೈಲರ್ ಆಂಟಿಯ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಕೊರಳಲ್ಲಿ ಸದಾ ಅಳತೆ ಟೇಪು. ಮರೆತು ದೇವಸ್ಥಾನಕ್ಕೂ ಹಾಗೇ ಬಂದು, ನಾವು ನಕ್ಕರೆ ತಾವೂ ನಗುತ್ತಿದ್ದರು. ಧಾರವಾಡದವರು. ಇಲ್ಲಿ ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಮಗಳ ಮನೆಯ ಗರಾಜಿನಲ್ಲಿ ಮಷೀನು ಇಟ್ಟುಕೊಂಡು ನಮಗೆಲ್ಲ ಬ್ಲೌಸ್ ಹೊಲಿದುಕೊಡುತ್ತಿದ್ದರು. ಕೊಡುವಾಗ ತಿರುವಿ ಹಿಡಿದು, "ಮೊದಲ ಒಳಗ ನೋಡ್ರಿ" ಎನ್ನುವರು. ಒಳಗೆ ಎರಡೂ ಪಕ್ಕ ಎರಡೆರಡು ಬೆರಳು ಬಟ್ಟೆ ಬಿಟ್ಟೇ ಬಿಟ್ಟಿರುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅವಳ ಧಾರೆ ಸೀರೆ ನನಗೆ ಬಂತು. ಮಡಿಕೆಗಳಲ್ಲೆಲ್ಲ ಪಿಸಿದುಹೋಗಿತ್ತು. ಗಟ್ಟಿಯಿದ್ದ ಒಂದೇ ತುಂಡಿನಲ್ಲಿ ಬ್ಲೌಸ್ ಹೊಲಿಸಿದೆ. ಆಗ ಕಡ್ಡಿಯಂತಿದ್ದೆ, ಜಂಬ ಬೇರೆ. ಆ ಒಳಬಟ್ಟೆ ದಪ್ಪ ಕಾಣುತ್ತದೆ, ತೆಗೆಯಿರಿ ಎಂದು ರೇಗಿದೆ.

"ಮೈ ಯಾವಾಗ್ಲೂ ಒಂದ ನಮೂನಿ ಇರೂದಿಲ್ಲರಿ ತಂಗಿ. ಈ ಬಟ್ಟಿ ಮತ್ತ ಸಿಗೂದಿಲ್ಲ."

"ನನ್ನ ಮೈ ವಿಷಯ ನಿಮಗ್ಯಾಕೆ ಆಂಟಿ? ಕಟ್ ಮಾಡಿ ಅಂದ್ರೆ ಮಾಡಿ!"

"ಆತ್ ಬಿಡ್ರಿ" ಎಂದರು. ಮರುದಿನ ಒಳಗೆಲ್ಲ ಲೈನಿಂಗ್ ಹಾಕಿ ಮುಚ್ಚಿ ಕೊಟ್ಟರು. ತಿರುವಿ ತೋರಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಡಾಲಸ್‌ನ ಮ್ಯೂಸಿಯಂ ಒಂದರಲ್ಲಿ, ಹೆಂಗಸರನ್ನು ಉಸಿರುಕಟ್ಟುವ ಬಿಗಿ ಉಡುಪಿನಿಂದ ಬಿಡಿಸಿದ ಫ್ರೆಂಚ್ ವಿನ್ಯಾಸಕಿಯೊಬ್ಬಳ ಜೀವಮಾನದ ಕೆಲಸವನ್ನೆಲ್ಲ ಪ್ರದರ್ಶನಕ್ಕಿಟ್ಟಿದ್ದರು. ಆಂಟಿಗೆ ಆಗಲೇ ಕೈ ನಡುಗುತ್ತಿತ್ತು, ಮಷೀನು ಬಿಟ್ಟಿದ್ದರು. ನಾನೇ ಕರೆದುಕೊಂಡು ಹೋದೆ. ಥಳಥಳಿಸುವ ಗೌನುಗಳನ್ನೆಲ್ಲ ಸುಮ್ಮನೆ ದಾಟಿದವರು, ಹೊಲಿಗೆ ಕಾಣಲೆಂದು ತಿರುವಿ ಇಟ್ಟಿದ್ದ ಒಂದು ಕಪ್ಪು ಗೌನಿನ ಮುಂದೆ ನಿಂತುಬಿಟ್ಟರು. ಅಯ್ಯೋ, ಕೈ ಚಾಚಿಯೇಬಿಟ್ಟರು! ಕಾವಲುಗಾರ ಓಡಿಬಂದ. "ತಪ್ಪಾತ್ರಿ ಅಣ್ಣಾ" ಎಂದು ಅವನಿಗೆ ಕೈಮುಗಿದು ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು.

"ನೋಡ್ರಿ, ಈಕಿನೂ ಬಟ್ಟಿ ಬಿಟ್ಟಾಳ. ನಾ ಒಬ್ಬಾಕಿನ ಹುಚ್ಚಿ ಅಂತ ಮಾಡಿದ್ದೆ."

ನನ್ನ ರೇಗಾಟ ನೆನಪಾಗಿ ನಾಚಿಕೆಯಾಯಿತು. ಆದರೂ ಕ್ಷಮೆ ಕೇಳಲಿಲ್ಲ ನೋಡಿ, ಅಂಥ ಮೊಂಡಿ ನಾನು.

ಹೋದ ಚಳಿಗಾಲ ಆಂಟಿ ತೀರಿಕೊಂಡರು. ಈ ಮೇ ತಿಂಗಳು ನನ್ನ ಮಗಳ ಗ್ರಾಜುಯೇಷನ್. ಅಮ್ಮ ನೋಡಬೇಕಿದ್ದ ದಿನ. ಅವಳ ಸೀರೆಯಾದರೂ ಮೈಮೇಲಿರಲಿ ಎಂದು ಆ ಬ್ಲೌಸ್ ತೆಗೆದೆ. ಥೈರಾಯ್ಡ್‌ನಿಂದ ಊದಿದ ಮೈಗೆ ಹುಕ್ಕು ಸೇರಲೇ ಇಲ್ಲ. ಅಳುತ್ತ ಕೂತವಳು, ಒಂಚೂರಾದರೂ ಸಡಿಲವಾದೀತೇನೋ ಎಂದು ಲೈನಿಂಗ್ ಬಿಚ್ಚಿದೆ.

ಎರಡೂ ಪಕ್ಕ, ಇಸ್ತ್ರಿ ಮಾಡಿ ಮಡಚಿ, ಸಣ್ಣ ಸಣ್ಣ ಕೈಹೊಲಿಗೆಯಲ್ಲಿ ಕೂರಿಸಿದ್ದ ಎರಡೆರಡು ಬೆರಳು ಬಟ್ಟೆ. ಅಮ್ಮನ ಸೀರೆಯ ಬಣ್ಣ ಅಲ್ಲಿ ಒಂಚೂರೂ ಮಾಸಿರಲಿಲ್ಲ.

"ಮಾಮ್, ವಾಟ್ ಹ್ಯಾಪನ್ಡ್?" ಎಂದು ಮಗಳು ಓಡಿಬಂದಳು.

"ಆಂಟಿ ಕಟ್ ಮಾಡಿರಲಿಲ್ಲ ಕಣೆ" ಎಂದೆ. ಆಮೇಲೆ ಸೂಜಿಗೆ ದಾರ ಪೋಣಿಸಿಕೊಡು ಎಂದೆ. ನನಗೆ ಕಣ್ಣು ಕಾಣುತ್ತಿರಲಿಲ್ಲ.